ಬುಗುರಿಯ ಕಂಚು

ನವೆಂಬರ್ ೨೧

ಪ್ರೀತಿಯ ಬುಗುರಿಗೆ,

ಕೊಕ್ಕರೆಯ ನೆನಪುಗಳು. ಈ ಹೆಸರು ಓದಿದ ಕೂಡಲೇ ಬರೆದವಳು ಯಾರೆಂದು ನಿನಗೆ ಗೊತ್ತಾಗಿರಬೇಕು. ನನ್ನ ಉದ್ದ ಕಾಲು ನೋಡಿ ಹಾಗೆ ಕರೆದವಳು ಲೋಕದಲ್ಲಿ ನೀನೊಬ್ಬಳೇ. ಹತ್ತೊಂಬತ್ತು ವರ್ಷಗಳ ಮೇಲೆ ಬರೆಯುವ ಕಾಗದದಲ್ಲಿ ‘ತಡವಾಯಿತು, ಕ್ಷಮಿಸು’ ಎಂದರೆ ನನಗೇ ನಗು ಬರುತ್ತದೆ. ಆದರೂ ಕ್ಷಮಿಸು. ಸ್ಕೇಟಿಂಗ್ ಕಪ್ ಸಮಿತಿಯವರು ನಿನ್ನ ವಿಳಾಸ ಕೊಟ್ಟು ಎರಡು ವಾರವಾಯಿತು. ಅಷ್ಟು ದಿನವೂ ಹಾಳೆ ಮುಂದಿಟ್ಟುಕೊಂಡು ಕೂರುವುದು, ‘ಪ್ರೀತಿಯ’ ಎಂದು ಬರೆಯುವುದು, ಮುಂದೇನೂ ತೋಚದೆ ಎದ್ದು ಹೋಗಿ ಪಾತ್ರೆ ತೊಳೆಯುವುದು, ಇದೇ ಆಯಿತು. ನಮ್ಮ ಮನೆಯ ಪಾತ್ರೆಗಳು ಇಷ್ಟು ಫಳಫಳ ಹೊಳೆದದ್ದೇ ಇಲ್ಲವೆಂದು ನಮ್ಮ ಯಜಮಾನರು ತಮಾಷೆ ಮಾಡುತ್ತಿದ್ದಾರೆ.

ಹೌದು, ಮದುವೆಯಾಗಿದೆ. ಅವರು ಸಿಟಿ ಬಸ್ಸಿನ ಡ್ರೈವರು. ಮನೆಯಲ್ಲೂ ಏನೇ ಹೇಳುವುದಿದ್ದರೂ ಹಿಂದೆ ತಿರುಗದೆ ಹೇಳುವ ಅಭ್ಯಾಸ. ಒಳ್ಳೆಯವರು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಬೆಳಗಿನಿಂದ ಸಂಜೆಯವರೆಗೆ “ಇದು ಚೆನ್ನಾಗಿ ಕಾಣುತ್ತಾ, ಅದಾ?” ಎಂದು ಕೇಳುವ ಕೆಲಸ. ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಮಂಡಿ ಸವೆದಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ಸುದ್ದಿ ನೀನೇ ಮಾಡಿದ್ದು, ನಿನಗೆ ಗೊತ್ತಿರುವುದೇ. ಆದರೆ ಅದು ನನಗೆ ತಲುಪಿದ ಬಗೆಯನ್ನು ನೀನು ಕೇಳಬೇಕು. ವಯಸ್ಸಾದ ಗಿರಾಕಿಯೊಬ್ಬರ ಗದ್ದವನ್ನು ಯಂತ್ರದ ಮೇಲೆ ಇರಿಸಿ, ರೆಪ್ಪೆ ಬಡಿಯಬೇಡಿ ಎಂದು ಆಗಷ್ಟೇ ಹೇಳಿದ್ದೆ. ಫೋನು ಬಂತು. ಸಮಿತಿಯ ಕಾರ್ಯದರ್ಶಿ.

“ಮೇಡಂ, ಆ ವರ್ಷ ಕಿರಿಯ ಹುಡುಗಿಯರಲ್ಲಿ ನಾಲ್ಕನೆಯವರು ನೀವೇ ಅಲ್ವಾ?”

“ಹೌದು. ಈಗ್ಯಾಕೆ ಆ ಮಾತು?”

“ಈಗ ನೀವು ಮೂರನೆಯವರು. ಅಭಿನಂದನೆಗಳು.”

ನಾನು ಫೋನು ಹಿಡಿದು ನಿಂತೇ ಇದ್ದೆ. ಯಂತ್ರಕ್ಕೆ ಗದ್ದ ಕೊಟ್ಟಿದ್ದ ಹಿರಿಯರು, “ಅಮ್ಮಾ, ಈಗ ರೆಪ್ಪೆ ಬಡೀಬಹುದಾ? ನೀರು ಸುರೀತಿದೆ” ಎಂದರು. ನನ್ನ ಕಣ್ಣಲ್ಲೂ ಸುರಿಯುತ್ತಿತ್ತು, ಅವರಿಗೆ ಕಾಣಲಿಲ್ಲ, ಪುಣ್ಯ.

ಕಪ್‌ಗೆ ಎಪ್ಪತ್ತೈದು ತುಂಬುತ್ತಿದೆಯಂತೆ. ಮೊದಲ ವರ್ಷದಿಂದ ಈವರೆಗಿನ ಇತಿಹಾಸ, ಪದಕ ಗೆದ್ದವರೆಲ್ಲರ ದಾಖಲೆ ಸೇರಿಸಿ ದೊಡ್ಡ ಪುಸ್ತಕ ತರುತ್ತಿದ್ದಾರಂತೆ. ಅದಕ್ಕಾಗಿ ಹಳೆಯ ವಿಜೇತರಿಗೆಲ್ಲ ಒಂದೆರಡು ಮಾತು ಬರೆದುಕೊಡಿ ಎಂದು ಕೇಳಿಕೊಂಡರಂತೆ. ಎಲ್ಲರೂ ಬರೆದು ಕಳಿಸಿದರು. ನೀನೊಬ್ಬಳು ಖುದ್ದಾಗಿ ಬಂದು, ಪದಕ ಮೇಜಿನ ಮೇಲಿಟ್ಟು, “ಅವತ್ತು ನಂಗೆ ಹನ್ನೆರಡು ವರ್ಷ. ಸ್ಪರ್ಧೆಗೆ ಹದಿನಾಲ್ಕು ಆಗಿರಬೇಕಿತ್ತು, ಹಾಗಂತ ಕಾಗದ ಮಾಡಿಸಿದ್ರು. ಇದು ನಂದಲ್ಲ, ನಾಲ್ಕನೆಯವಳದ್ದು” ಎಂದು ಹೇಳಿ ಹೊರಟುಹೋದೆಯಂತೆ. ಯಾರೂ ಕೇಳಿರಲಿಲ್ಲ, ಯಾರೂ ಅನುಮಾನ ಪಟ್ಟಿರಲಿಲ್ಲ ಎಂದು ಕಾರ್ಯದರ್ಶಿ ಎರಡೆರಡು ಸಲ ಹೇಳಿದರು. ಅವರಿಗೆ ಅದೇ ಆಶ್ಚರ್ಯ. ನನಗೆ ಆದ ಆಶ್ಚರ್ಯ ಬೇರೆ. ನೀನು ಈ ಊರಿಗೆ ಬಂದಿದ್ದೆ! ಆ ಕಚೇರಿಯಿಂದ ನಮ್ಮ ಮನೆಗೆ ಎರಡು ಬೀದಿ. ಅದೇ ಮನೆ ಕಣೇ, ಹಸಿರು ಬಾಗಿಲು ಈಗ ನೀಲಿ, ಅಷ್ಟೇ.

ಅಮ್ಮನಿಗೆ ಹೇಳಿದೆ. ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಹದಿನಾಲ್ಕಂತೆ ಹದಿನಾಲ್ಕು! ಪ್ರಾಕ್ಟೀಸ್‌ಗೆ ಅಂತ ಬಂದು ನಮ್ಮನೆಲಿ ಇದ್ದಾಗ್ಲೇ ಅದಕ್ಕೆ ದವಡೆ ಹಾಲುಹಲ್ಲು ಬಿದ್ದಿತ್ತು. ಕೆಲವು ಮಕ್ಕಳಿಗೆ ತಡ ಇರುತ್ತೆ ಅಂದ್ಕೊಂಡೆ” ಎಂದಳು. ಉಳಿದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿದಳು. ಕೊನೆಗೆ, “ಪಾಪ, ಅಷ್ಟು ಪುಟ್ಟ ಮಗೂಗೆ ನಾನು ದಿನಾ ಅದರ ಹಾಸಿಗೆ ಅದೇ ಮಡಚಲಿ ಅಂತ ಬೈತಿದ್ನಲ್ಲ” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ನನಗೆ ನೆನಪಾದದ್ದು ಮಂಜುಗಡ್ಡೆಯ ರಿಂಕಿನ ಓಣಿಯಲ್ಲಿದ್ದ ಆ ಮರದ ಹಲಗೆ. ಬಂಗಾರದ ಅಕ್ಷರದಲ್ಲಿ ಗೆದ್ದವರ ಹೆಸರುಗಳು. ಮುಂಜಾನೆ ಬೂಟಿನ ಲೇಸು ಬಿಗಿದುಕೊಳ್ಳುತ್ತ ನಾವಿಬ್ಬರೂ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದೆವು. ಪ್ರತಿ ಹೆಸರಿಗೂ ನಿನ್ನದೊಂದು ಕತೆ. ಸತತವಾಗಿ ಮೂರು ವರ್ಷ ಚಿನ್ನ ಗೆದ್ದವಳು ಪೂರ್ವಜನ್ಮದಲ್ಲಿ ಬೆಕ್ಕು. ಅಣ್ಣತಂಗಿ ಜೋಡಿ ಒಂದು ಬೆಳ್ಳಿ ಗೆದ್ದು ಕಾಣೆಯಾಯಿತಲ್ಲ, ಅವರು ಆಮೇಲೆ ಮಾತು ಬಿಟ್ಟಿರಬೇಕು. ಯುದ್ಧದ ವರ್ಷಗಳ ಎದುರು ಹೆಸರಿರಲಿಲ್ಲ, ಬರೀ ಗೆರೆ. ಅದನ್ನು ನೋಡಿ ನೀನು ಕೇಳಿದ್ದೆ: “ಕೊಕ್ಕರಕ್ಕಾ, ಆ ವರ್ಷಕ್ಕೆ ಅಂತ ಪ್ರಾಕ್ಟೀಸ್ ಮಾಡಿದ್ದವರೆಲ್ಲ ಏನ್ಮಾಡಿದ್ರು?”

ನಮ್ಮ ವರ್ಷ ನಾನು ಕೊನೆಯ ಜಿಗಿತದಲ್ಲಿ ಕುಸಿದೆ. ನೀನು ನನ್ನ ನಂತರ ಇಳಿದೆ. ಆ ಗಿರಕಿ! ನಿನ್ನ ಮುಖ, ಬೆನ್ನು, ಜಡೆ ಎಲ್ಲ ಒಂದಾಗಿ ಹೋಗಿ ಒಂದು ಗೆರೆಯಷ್ಟೇ ಕಾಣುತ್ತಿತ್ತು. ಅಂಕ ಬಂದಾಗ ನೀನು ಮೂರು, ನಾನು ನಾಲ್ಕು. ವ್ಯತ್ಯಾಸ ಕೂದಲೆಳೆಯಷ್ಟು. ನಿನ್ನ ಕೊರಳಿಗೆ ಪದಕ ಹಾಕುವಾಗ ರಿಬ್ಬನ್ನು ಮಂಡಿಯವರೆಗೆ ಇಳಿದು ಜನರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನಿನ್ನ ಸೋದರಮಾವ, ಅವರೇ ನಿನ್ನ ಕೋಚ್ ತಾನೇ, ವೇದಿಕೆಯಿಂದಲೇ ನಿನ್ನನ್ನು ನಿನ್ನ ದೇಶಕ್ಕೆ ಕರೆದುಕೊಂಡು ಹೋದರು. ನನ್ನ ಬೀರುವಿನಲ್ಲಿದ್ದ ನಿನ್ನ ಬಟ್ಟೆಗಳನ್ನು ಯಾರೋ ಡ್ರೈವರು ಬಂದು ಒಯ್ದ. ಅಲ್ಲಿಂದೀಚೆಗೆ ನಿನ್ನ ಸುದ್ದಿಯೇ ಇಲ್ಲ.

ಯಾಕೆ ಹೇಳಿದೆ ಬುಗುರಿ? ಇಷ್ಟು ವರ್ಷದ ಮೇಲೆ, ಯಾರೂ ಕೇಳದೆ? ಕೋಪದಿಂದ ಕೇಳುತ್ತಿಲ್ಲ. ಫೆಬ್ರವರಿಯಲ್ಲಿ ಸಮಾರಂಭ ಮಾಡಿ ಆ ಪದಕ ನನಗೆ ಹಾಕುತ್ತಾರಂತೆ. ನಾನೇನು ಮಾಡಲಿ, ಅದನ್ನಾದರೂ ಬರೆ.

ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು ಬೆಚ್ಚಗಿರು. ಅಮ್ಮನ ಆಶೀರ್ವಾದ.

ನಿನ್ನ
ಕೊಕ್ಕರೆ


ಜನವರಿ ೧೨

ಪ್ರೀತಿಯ ಬುಗುರಿಗೆ,

ನಿನ್ನ ಕಾಗದ ಬಂತು. ಅಂಚೆಯವಳು ಬಾಗಿಲಲ್ಲಿ ಕೊಟ್ಟಾಗ ಅಕ್ಷರ ನೋಡಿ ಗುರುತು ಹಿಡಿದೆ. ದೊಡ್ಡವಳಾದರೂ ಸಾಲು ಇನ್ನೂ ಬೆಟ್ಟ ಹತ್ತುತ್ತದೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಓದಿದೆ. ಮೊದಲ ಸಾಲಿಗೇ ಯಾರೋ ಕೆನ್ನೆಗೆ ಹೊಡೆದಂತಾಯಿತು. ‘ತಾವು ಕ್ಷೇಮವೆಂದು ನಂಬಿದ್ದೇನೆ.’ ತಾವು! ನನ್ನ ಹೊದಿಕೆ ಎಳೆದುಕೊಂಡು ಮಲಗುತ್ತಿದ್ದವಳು, ನನ್ನ ತಟ್ಟೆಯಿಂದ ಆಲೂಗಡ್ಡೆ ಕದ್ದವಳು ನನಗೆ ‘ತಾವು’ ಎಂದು ಬರೆದಳು. ಯಜಮಾನರಿಗೆ ತೋರಿಸಿದರೆ, “ಹೆದರಿದ್ದಾಳೆ ಕಣೇ. ಹೆದರಿದೋರೇ ಇಷ್ಟು ಮರ್ಯಾದೆ ಕೊಡೋದು” ಎಂದರು. ಅವರು ಬಸ್ಸಿನಲ್ಲಿ ದಿನಾ ಎಂಥೆಂಥವರನ್ನೋ ನೋಡುತ್ತಾರೆ. ಇರಬಹುದು.

ಹಾಗಾಗಿ ಬೇಜಾರು ಬದಿಗಿಟ್ಟು ಮತ್ತೆ ಓದಿದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ನಿನ್ನದು ಎಂದು ತಿಳಿದು ಸಂತೋಷವಾಯಿತು. ನಾನು ಕಣ್ಣು ನೋಡುತ್ತೇನೆ, ನೀನು ಮೂಳೆ. ನೀನು ಬರೆದ ಆ ಹುಡುಗಿಯ ವಿಷಯವನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಸೈಕಲ್ಲಿನಿಂದ ಬಿದ್ದು ಬಂದವಳು, ಹನ್ನೆರಡು ವರ್ಷ, ಮಣಿಕಟ್ಟಿನ ಚಿತ್ರ ತೆಗೆದೆ. ಬೆಳೆಯುವ ಮೂಳೆಯ ತುದಿಗಳು ಇನ್ನೂ ಕೂಡಿಕೊಂಡೇ ಇಲ್ಲ, ನಡುವೆ ಕಪ್ಪು ಸಂದು. ಎಷ್ಟೋ ಮಕ್ಕಳದ್ದು ನೋಡಿದ್ದೆ, ಆದರೆ ಅವತ್ತು ಆ ಹುಡುಗಿ ನೋವಿನಲ್ಲೂ ಹಲ್ಲು ಕಚ್ಚಿಕೊಂಡು “ನಂಗೇನೂ ಆಗ್ಲಿಲ್ಲ” ಎಂದಳು ಎಂದು ಬರೆದಿದ್ದೀಯ. ಹನ್ನೆರಡು ಅಂದರೆ ಇಷ್ಟೇನಾ ಎಂದು ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆಯಂತೆ. ಮಾರನೆಯ ವಾರ ರಜೆ ಹಾಕಿ ರೈಲು ಹತ್ತಿದೆಯಂತೆ.

ನಾನು ಆ ಸಾಲುಗಳನ್ನು ಅಮ್ಮನಿಗೂ ಓದಿ ಹೇಳಿದೆ. ತಪ್ಪು ತಿಳಿಯಬೇಡ.

ಮಾವ ಈಗ ನಿನ್ನೊಡನೆ ಮಾತಾಡುತ್ತಿಲ್ಲ, “ತಿಂದ ಮನೆಗೆ ಮಸಿ ಬಳಿದೆ” ಎಂದು ಫೋನಿಟ್ಟರು ಎಂದಿದ್ದೀಯ. ಮಂಜುಗಡ್ಡೆಯ ಮೇಲೆ ನಿಂತು ಅವರು ನಿನ್ನ ಬೆನ್ನು ನೇರ ಮಾಡಲು ಕೋಲಿನಿಂದ ತಿವಿಯುತ್ತಿದ್ದದ್ದು ನನಗೆ ನೆನಪಿದೆ. ಅವರೇ ನಿನಗೆ ಜ್ವರ ಬಂದಾಗ ನಮ್ಮ ಮನೆಯ ಹೊಸ್ತಿಲಲ್ಲಿ ಬೆಳಗಿನವರೆಗೆ ಕುಳಿತದ್ದೂ ನೆನಪಿದೆ.

ಆದರೆ ನಿನ್ನ ಕೊನೆಯ ಮಾತು. ‘ನನ್ನ ದೆಸೆಯಿಂದ ತಾವು ಸ್ಕೇಟಿಂಗ್ ಬಿಟ್ಟಿರಿ ಎಂದು ಮರುವರ್ಷವೇ ಗೊತ್ತಾಯಿತು. ತಮಗೆ ಬರೆಯಲು ಮುಖವಿರಲಿಲ್ಲ. ದಯವಿಟ್ಟು ಪದಕ ಹಾಕಿಕೊಳ್ಳಿ, ಅಷ್ಟೇ ನನಗೆ ಸಾಕು. ಸಮಾರಂಭಕ್ಕೆ ನಾನು ಬರುವುದಿಲ್ಲ.’ ಇದಕ್ಕೆ ಉತ್ತರ ಈಗಲೇ ಬರೆಯಲಾರೆ. ಬರೆಯಲು ಹೋದರೆ ಮತ್ತೆ ಪಾತ್ರೆ ತೊಳೆಯುವುದಾಗುತ್ತದೆ.

ಅದರ ಬದಲು, ನಾನು ಸಮಿತಿಯವರೊಡನೆ ಜಗಳವಾಡಿ ಬಂದ ಕತೆ ಹೇಳುತ್ತೇನೆ, ಕೇಳು.

ಪುಸ್ತಕದ ಹಾಳೆಗಳು ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಹೆಸರಿನ ಕಾಗುಣಿತ ನೋಡಿಹೋಗಿ ಎಂದು ಕಾರ್ಯದರ್ಶಿ ಕರೆದಿದ್ದರು. ಕಚೇರಿ ಅದೇ ಜಾಗ, ರಿಂಕಿನ ಮೇಲಿನ ಮಹಡಿ. ಕಿಟಕಿಯಿಂದ ಕೆಳಗೆ ಇಡೀ ಐಸ್ ಕಾಣುತ್ತದೆ. ಪಾದದಡಿಯ ನೆಲ ಇಂದಿಗೂ ಕೊರೆಯುತ್ತದೆ. ಗಾಜಿನ ಬೀರುವಿನಲ್ಲಿ ಹಳೆಯ ಕಪ್‌ಗಳು, ಅವುಗಳ ನಡುವೆ ಯಾರದೋ ಚಹಾ ಲೋಟ. ಕಾರ್ಯದರ್ಶಿಗೆ ನೆಗಡಿ. ಕೊರಳಿಗೆ ಮಫ್ಲರು ಸುತ್ತಿಕೊಂಡು ಒಂದೊಂದು ಹಾಳೆ ತಿರುವುವಾಗಲೂ ಸೀನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅಳತೆಪಟ್ಟಿ ನುಂಗಿದಂಥವರು.

ಇತಿಹಾಸ ಚೆನ್ನಾಗಿ ಬರೆದಿದ್ದಾರೆ. ಮೊದಲ ಸ್ಪರ್ಧೆ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದದ್ದು ನಮಗೆ ಗೊತ್ತಿತ್ತು. ಆದರೆ ತೀರ್ಪುಗಾರರು ಅಡುಗೆಮನೆಯ ಕುರ್ಚಿಗಳನ್ನು ಹೊತ್ತು ತಂದು ಕುಳಿತಿದ್ದರೆಂದೂ, ಮಧ್ಯಾಹ್ನದ ಬಿಸಿಲಿಗೆ ಒಬ್ಬರ ಕುರ್ಚಿಯ ಕಾಲು ಮಂಜಿನೊಳಗೆ ಇಳಿದು ಅವರು ವಾಲಿಕೊಂಡೇ ಅಂಕ ಕೊಟ್ಟರೆಂದೂ ಗೊತ್ತಿತ್ತೇ? ಆಗ ಬರೀ ಗಂಡಸರ ಸ್ಪರ್ಧೆ. ಹೆಂಗಸರು ಬರಲು ಆರು ವರ್ಷ ಹಿಡಿಯಿತು. ಮೊದಲ ಸಲ ಇಳಿದ ಮೂವರಿಗೂ ಒಂದೊಂದು ಪದಕ ಸಿಕ್ಕಿತು, ಇದ್ದವರೇ ಮೂವರು. ಮಂಜಿನ ಮೇಲೆ ಎಂಟರ ಆಕಾರ ಕೊರೆದು ತೋರಿಸುವ ಪರೀಕ್ಷೆ ಬಹಳ ಕಾಲ ಇತ್ತು. ಅದನ್ನು ಕೈಬಿಟ್ಟ ವರ್ಷ ಒಬ್ಬ ಹಳೆಯ ಚಾಂಪಿಯನ್ ಬೇಸರದಿಂದ ಸ್ಕೇಟ್ಸ್ ಮಾರಿಬಿಟ್ಟನಂತೆ. ಒಂದು ವರ್ಷ ಇಬ್ಬರಿಗೆ ಬೆಳ್ಳಿ, ಕಂಚೇ ಇಲ್ಲ. ಆಮೇಲೆ ದೇಶವಾರು ಪದಕಗಳ ಪಟ್ಟಿ. ನಿನ್ನ ದೇಶದ ಕಂಚಿನ ಲೆಕ್ಕದಲ್ಲಿ ಒಂದು ಕಡಿಮೆ, ನಮ್ಮ ದೇಶಕ್ಕೆ ಒಂದು ಹೆಚ್ಚು. ಆ ಹಾಳೆಯನ್ನು ಬೇಗ ತಿರುವಿದೆ.

ಬಳಿಕ ನಮ್ಮ ವರ್ಷದ ಪುಟ. ಕಂಚಿನ ಎದುರು ನನ್ನ ಹೆಸರು. ಪುಟದ ಅಡಿಯಲ್ಲಿ ಸಣ್ಣ ಅಕ್ಷರ: ‘ವಯಸ್ಸಿನ ಬಗ್ಗೆ ಸುಳ್ಳು ಮಾಹಿತಿ ನೀಡಿದ ಕಾರಣ ಮೂಲ ವಿಜೇತೆಯನ್ನು ಅನರ್ಹಗೊಳಿಸಲಾಗಿದೆ.’

“ಸುಳ್ಳು ಮಾಹಿತಿ ಕೊಟ್ಟಿದ್ದು ಯಾರು?” ಎಂದು ಕೇಳಿದೆ.

“ಸ್ಪರ್ಧಿ, ಮೇಡಂ. ಅರ್ಜಿಯಲ್ಲಿ ಅವರದ್ದೇ ಹೆಸರು.”

“ಹನ್ನೆರಡು ವರ್ಷದ ಮಗು ಅರ್ಜಿ ಹಾಕುತ್ತಾ ಸರ್? ಆ ವಯಸ್ಸಲ್ಲಿ ನಿಮ್ಮ ಮಗಳು ಹಾಲು ಚೆಲ್ಲಿದ್ರೆ ನೀವು ಅನರ್ಹ ಅಂತ ಬರೀತೀರಾ?”

“ನಿಯಮದ ಭಾಷೆ ಹಾಗೇ ಇರೋದು. ಎಲ್ಲರಿಗೂ ಒಂದೇ.”

“ಅವಳು ತಾನಾಗಿ ಬಂದು ಹೇಳಿದಳಲ್ಲ, ಅದೆಲ್ಲಿದೆ?”

“ಅಡಿಟಿಪ್ಪಣಿಗೆ ಒಂದೇ ಸಾಲಿನ ಜಾಗ, ಮೇಡಂ” ಎಂದು ಮೂಗೊರೆಸಿಕೊಂಡರು.

ನನಗೆ ಎಲ್ಲಿಂದ ಅಷ್ಟು ಧೈರ್ಯ ಬಂತೋ. “ಹಾಗಾದ್ರೆ ನನ್ನ ಹೆಸರು ತೆಗೀರಿ, ಜಾಗ ಆಗುತ್ತೆ. ಈ ಸಾಲು ಹೀಗೇ ಇದ್ರೆ ನಾನು ಸಮಾರಂಭಕ್ಕೂ ಬರಲ್ಲ, ಪದಕಾನೂ ಮುಟ್ಟಲ್ಲ. ನಿಮ್ಮ ಎಪ್ಪತ್ತೈದನೇ ವರ್ಷದಲ್ಲಿ ಮೂರನೇ ಮೆಟ್ಟಿಲು ಖಾಲಿ ಇರಲಿ” ಎಂದೆ. ಅವರು ಸೀನುವುದನ್ನೂ ಮರೆತು ನನ್ನನ್ನೇ ನೋಡಿದರು. ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಸಮಿತಿಯ ಸಭೆಯಲ್ಲಿ ಇಡುತ್ತೇನೆ, ಭರವಸೆ ಕೊಡಲಾರೆ ಎಂದರು. ನಾನು ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ.

ಅಮ್ಮನಿಗೆ ಮಾತ್ರ ಈ ವಿಷಯ ಹಿಡಿಸಲಿಲ್ಲ. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಕತ್ತಲಿರುವಾಗಲೇ ಎದ್ದು ನಮ್ಮಿಬ್ಬರಿಗೂ ಬ್ರೆಡ್ಡು ಸುಟ್ಟುಕೊಟ್ಟು ರಿಂಕಿಗೆ ಬಿಡುತ್ತಿದ್ದವಳು. “ನಿನ್ನ ಹಟಕ್ಕೆ ಆ ಪದಕ ಕೈ ತಪ್ಪಿದ್ರೆ ನಾನೇನು ಮಾಡ್ಲಿ?” ಎಂದು ಅತ್ತಳು. ಅವಳು ಅಳುವಾಗ ನನ್ನ ಹಟ ಅರ್ಧ ಕರಗಿತು. ಆದರೆ ಉಳಿದರ್ಧ ಗಟ್ಟಿಯಾಗಿದೆ. ನೋಡೋಣ.

ನೀನು ಬರುವುದಿಲ್ಲ ಎಂದದ್ದನ್ನು ನಾನು ಒಪ್ಪಿಲ್ಲ. ಟಿಕೇಟು ಬೇಡ, ಆಹ್ವಾನ ಪತ್ರಿಕೆ ಬೇಡ. ನನ್ನ ಪಕ್ಕದ ಕುರ್ಚಿಯ ಮೇಲೆ ಕೋಟು ಹಾಸಿ ಜಾಗ ಹಿಡಿದಿರುತ್ತೇನೆ.

ಮೂಳೆಗಳ ಕತ್ತಲೆ ಕೋಣೆಯಲ್ಲೇ ದಿನವಿಡೀ ಇರಬೇಡ, ಆಗಾಗ ಬಿಸಿಲಿಗೆ ಬಾ. ದೇವರು ನಿನ್ನನ್ನು ಕಾಪಾಡಲಿ.

ಎಂದೆಂದೂ ನಿನ್ನ
ಕೊಕ್ಕರೆ


ಫೆಬ್ರವರಿ ೧೮

ಪ್ರೀತಿಯ ಬುಗುರಿಗೆ,

ಅಮ್ಮನ, ಯಜಮಾನರ, ನನ್ನ ನೆನಪುಗಳು. ಈ ಸಲವೂ ತಡ. ಸಮಾರಂಭ ಮುಗಿದು ವಾರವಾಯಿತು. ಮೊದಲ ಎರಡು ದಿನ ನೀನು ಬಂದಿದ್ದು ನನಗೆ ಕಾಣದೆ ಹೋಯಿತೇನೋ, ಇನ್ನೂ ಊರಿನಲ್ಲೇ ಇದ್ದು ಬಾಗಿಲು ತಟ್ಟುತ್ತೀಯೇನೋ ಎಂದು ಕಾದೆ. ಆಮೇಲೆ ಅಂಗಡಿಯಲ್ಲಿ ಕೆಲಸ. ನೀನು ಬಂದಿರಲಿಲ್ಲ, ಅಲ್ಲವೇ?

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಸಾಲು ಬದಲಾಯಿತು. ಸಮಿತಿಯಲ್ಲಿ ದೊಡ್ಡ ಚರ್ಚೆಯೇ ಆಯಿತಂತೆ. ಹಿಂದಿನ ಕಾಲದ ಚಾಂಪಿಯನ್ ಒಬ್ಬರು, ಈಗ ಊರುಗೋಲು ಹಿಡಿದು ಬರುವ ಅಜ್ಜಿ, “ಇಷ್ಟು ವರ್ಷದಲ್ಲಿ ಪದಕ ತಗೊಂಡು ಹೋದವರೇ ಎಲ್ಲ. ವಾಪಸ್ ತಂದುಕೊಟ್ಟವಳು ಇವಳೊಬ್ಬಳು. ಅದಕ್ಕೆ ಎರಡನೇ ಸಾಲು ಕೊಡೋಕಾಗದಿದ್ರೆ ಪುಸ್ತಕ ಯಾಕೆ ಬೇಕು?” ಎಂದು ಮೇಜು ಕುಟ್ಟಿದರಂತೆ. ಕಾರ್ಯದರ್ಶಿ ಖುದ್ದು ಅಂಗಡಿಗೆ ಬಂದು ಅಚ್ಚಾದ ಹಾಳೆ ತೋರಿಸಿದರು. ಈಗ ಹೀಗಿದೆ: ‘ಮೂಲತಃ ಕಂಚಿನ ಪದಕ ಪಡೆದವರನ್ನು ಹಿರಿಯರು ಹನ್ನೆರಡನೆಯ ವಯಸ್ಸಿನಲ್ಲೇ ಸ್ಪರ್ಧೆಗೆ ಇಳಿಸಿದ್ದರು. ದೊಡ್ಡವರಾದ ಮೇಲೆ ಅವರು ಯಾರೂ ಕೇಳದೆ ತಾವೇ ಸತ್ಯ ತಿಳಿಸಿ ಪದಕ ಒಪ್ಪಿಸಿದರು.’ ಅದರ ಕೆಳಗೆ ನಿನ್ನ ಪೂರ್ತಿ ಹೆಸರು, ನಿನ್ನ ದೇಶದ ಹೆಸರು. ಸುಳ್ಳು ಎಂಬ ಪದವೇ ಇಲ್ಲ. ಕಾರ್ಯದರ್ಶಿಗಳಿಗೆ ಓದುವ ಕನ್ನಡಕ ಹಾಕಿಕೊಟ್ಟು, ಒಳ್ಳೆಯ ಫ್ರೇಮು ಆರಿಸಿ ಕಳಿಸಿದೆ.

ಹಾಗಾಗಿ ಹೋದೆ. ಸಂಜೆಯ ಹೊತ್ತು, ಗಂಡಸರ ಸ್ಪರ್ಧೆ ಮುಗಿದು ಹೆಂಗಸರದು ಶುರುವಾಗುವ ನಡುವಿನ ಬಿಡುವು. ಮಂಜಿನ ಮೇಲೆ ಕೆಂಪು ಹಾಸು ಉರುಳಿಸಿ ವೇದಿಕೆ ಇಟ್ಟರು. ಜನರೆಲ್ಲ ಕಾಫಿಗೆ ಏಳುವ ಹೊತ್ತು. ಅರ್ಧ ಕುರ್ಚಿ ಖಾಲಿ. ಚಿನ್ನದವಳು ಬಂದಿರಲಿಲ್ಲ. ಬೆಳ್ಳಿಯವಳು ಬಂದಿದ್ದಳು, ನೆನಪಿದೆಯಾ, ಯಾವಾಗಲೂ ಮೂಗೇರಿಸಿಕೊಂಡಿರುತ್ತಿದ್ದಳಲ್ಲ, ಈಗ ಮೂವರು ಮಕ್ಕಳ ತಾಯಿ, ಬಾಯಿ ತುಂಬ ಮಾತು. ತನ್ನ ಬೆಳ್ಳಿಯನ್ನು ಕೈಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣದ ಜೊತೆ ತಂದಿದ್ದಳು. “ಆ ಪುಟಾಣಿ ಎಲ್ಲಿ?” ಎಂದು ನನ್ನನ್ನೇ ಕೇಳಿದಳು. ನಿನ್ನನ್ನು ಯಾರೂ ಮರೆತಿಲ್ಲ.

ನನ್ನ ಹೆಸರು ಕೂಗಿದರು. ಅಂಗಡಿಗೆ ಹಾಕುವ ಚಪ್ಪಟೆ ಬೂಟಿನಲ್ಲಿ ಮಂಜಿನ ಮೇಲಿನ ಹಾಸು ದಾಟುವುದು ಎಷ್ಟು ವಿಚಿತ್ರ ಗೊತ್ತಾ, ಯಾರದೋ ಮನೆಗೆ ಕರೆಯದೆ ನುಗ್ಗಿದ ಹಾಗೆ. ಮೂರನೆಯ ಮೆಟ್ಟಿಲು ಹತ್ತಿದೆ. ಊರುಗೋಲಿನ ಅಜ್ಜಿಯೇ ಪದಕ ಹಾಕಿದರು. ಹಾಕುವಾಗ ಕಿವಿಯಲ್ಲಿ, “ತಲೆ ಎತ್ತು ಮಗಳೇ, ಕಳ್ಳತನ ಮಾಡಿದವರ ಹಾಗೆ ನಿಲ್ಲಬೇಡ” ಎಂದರು. ತಲೆ ಎತ್ತಿದೆ. ಮೇಲೆ ಅಮ್ಮ, ಮಂಡಿನೋವು ಮರೆತು ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದಳು. ಯಜಮಾನರು ಒಬ್ಬರೇ ಇಡೀ ಸಾಲಿನ ಚಪ್ಪಾಳೆ ತಟ್ಟುತ್ತಿದ್ದರು. ಅವರ ಪಕ್ಕದಲ್ಲಿ ನನ್ನ ಬೂದು ಕೋಟು ಒಂದು ಕುರ್ಚಿ ಹಿಡಿದು ಕುಳಿತಿತ್ತು. ಮೂರು ಸಲ ಯಾರೋ “ಇಲ್ಲಿ ಯಾರಾದ್ರೂ ಇದ್ದಾರಾ?” ಎಂದು ಕೇಳಿದರಂತೆ. ಮೂರು ಸಲವೂ ಅಮ್ಮ “ಬರ್ತಾಳೆ” ಎಂದಳಂತೆ.

ಪದಕ ಮನೆಗೆ ತಂದ ಮೇಲೆ ಸರಿಯಾಗಿ ನೋಡಿದೆ. ರಿಬ್ಬನ್ನು ಎಷ್ಟು ಸಲ ಹರಿದಿತ್ತೋ, ನೀನು ಎಷ್ಟು ಸಲ ಹೊಲಿದಿದ್ದೀಯೋ. ನೀಲಿ ದಾರ ಮುಗಿದಾಗ ಕಪ್ಪು, ಕಪ್ಪು ಮುಗಿದಾಗ ಬಿಳಿ. ಕಂಚಿನ ಅಂಚು ಒಂದು ಕಡೆ ನುಣ್ಣಗೆ ಸವೆದಿದೆ, ದಿನಾ ಹೆಬ್ಬೆರಳು ಉಜ್ಜಿದ ಹಾಗೆ. ಅಮ್ಮ ಅದನ್ನು ಗೋಡೆಗೆ ನೇತುಹಾಕೋಣ ಎಂದಳು. ನಾನು ಅಂಗೈಯಲ್ಲಿಟ್ಟುಕೊಂಡು ನಿನ್ನ ಹೆಬ್ಬೆರಳು ಸವೆಸಿದ ಜಾಗಕ್ಕೆ ನನ್ನ ಹೆಬ್ಬೆರಳಿಟ್ಟು ಕುಳಿತುಬಿಟ್ಟೆ.

ಮರುದಿನ ಭಾನುವಾರ. ಬೆಳಿಗ್ಗೆ ಸಾರ್ವಜನಿಕರಿಗೆ ರಿಂಕು ತೆರೆದಿರುತ್ತದೆ. ಯಾರಿಗೂ ಹೇಳದೆ ಹೋದೆ. ಬಾಡಿಗೆ ಸ್ಕೇಟ್ಸ್, ಎಡಗಾಲಿನದು ಸಡಿಲ. ಆಗ ಬಿಟ್ಟವಳು ಮತ್ತೆ ಮಂಜು ಮುಟ್ಟಿದ್ದು ಈಗಲೇ. ಮೊದಲ ಸುತ್ತು ಗೋಡೆ ಹಿಡಿದು. ಎರಡನೆಯ ಸುತ್ತು ಗೋಡೆ ಬಿಟ್ಟು. ಆ ಸದ್ದು ಬುಗುರಿ! ಅಲಗು ಮಂಜನ್ನು ಸೀಳುವ ಆ ಸರ್ರೆಂಬ ಸದ್ದು ಕಾಲಿನಿಂದ ಬೆನ್ನುಹುರಿಗೆ ಹತ್ತಿ, ಇಷ್ಟು ವರ್ಷ ನನ್ನೊಳಗೆ ಯಾವುದೋ ಕೋಣೆಯಲ್ಲಿ ಕುಳಿತಿದ್ದವಳು ಎದ್ದು ಬಂದಳು. ಹುಮ್ಮಸ್ಸಿನಲ್ಲಿ ಒಂದು ಸಣ್ಣ ಗಿರಕಿಗೆ ಕೈ ಮಡಚಿದೆ. ಢಬಕ್ಕೆಂದು ಕೂತೆ. ಪುಟ್ಟ ಹುಡುಗಿಯೊಬ್ಬಳು ಜಾರಿಬಂದು, “ಆಂಟಿ, ಮೊದಲು ಬೀಳೋದು ಕಲೀಬೇಕು” ಎಂದು ಪಾಠ ಹೇಳಿದಳು. ಹೌದಮ್ಮ ಎಂದೆ. ಎರಡು ದಿನ ಸೊಂಟಕ್ಕೆ ಬಿಸಿನೀರಿನ ಚೀಲ. ಆದರೂ ಮುಂದಿನ ಭಾನುವಾರ ಹೋಗುವವಳೇ. ಅಮ್ಮ ಬೈಯುತ್ತಾಳೆ, ಆದರೆ ಆ ದಿನ ಬ್ರೆಡ್ಡು ಸುಡಲು ಅವಳೇ ಮೊದಲು ಏಳುತ್ತಾಳೆ, ನೋಡು.

ನಿನ್ನ ಕೆಲಸ, ನಿನ್ನ ಮನೆ, ಯಾವ ಬೀದಿ, ಕಿಟಕಿಯಿಂದ ಏನು ಕಾಣುತ್ತದೆ, ಒಬ್ಬಳೇ ಇರುವೆಯೋ ಜೊತೆಗೆ ಯಾರಾದರೂ ಇದ್ದಾರೋ, ಎಲ್ಲ ಬರೆ. ಮಾವ ಒಂದು ದಿನ ಫೋನು ಮಾಡುತ್ತಾರೆ, ನೋಡುತ್ತಿರು. ನಿನ್ನ ಕೈಯಿಂದ ದಾಟಿಹೋಗುವ ಮಕ್ಕಳ ಮೂಳೆಗಳೆಲ್ಲ ನೆಟ್ಟಗೆ ಕೂಡಿಕೊಳ್ಳಲಿ. ನೀನು ಸುಖವಾಗಿರು, ನಗುತ್ತಿರು.

ನಿನ್ನವಳೇ ಆದ
ಕೊಕ್ಕರೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದದ್ದು ಈಗ. ನಾನು ನಾಲ್ಕನೆಯವಳಾದದ್ದಕ್ಕೆ ಐಸ್ ಬಿಟ್ಟೆ ಎಂದು ಅಮ್ಮ ಇಂದಿಗೂ ನಂಬಿದ್ದಾಳೆ, ಊರೆಲ್ಲ ನಂಬಿದೆ, ನೀನೂ ನಂಬಿ ಇಷ್ಟು ವರ್ಷ ಸುಟ್ಟುಕೊಂಡೆ. ಅಲ್ಲ ಕಣೇ. ಮರುದಿನ ಎಂದಿನಂತೆಯೇ ರಿಂಕಿಗೆ ಹೋಗಿದ್ದೆ. ಲೇಸು ಕಟ್ಟಿಕೊಂಡು ಇಳಿದೆ. ಇಡೀ ರಿಂಕಿನಲ್ಲಿ ನನ್ನೊಬ್ಬಳದೇ ಗೆರೆ. ಅದರ ಪಕ್ಕ ನಿನ್ನದಿರಲಿಲ್ಲ. ಒಂದು ಸುತ್ತು ಹಾಕುವುದು, ಬಾಗಿಲ ಕಡೆ ನೋಡುವುದು. ಆ ಚಳಿಗಾಲ ಮುಗಿಯುವವರೆಗೂ ಹೋದೆ, ಬಾಗಿಲು ನೋಡುತ್ತ ನೋಡುತ್ತ ಬಿದ್ದೆ. ಆಮೇಲೆ ಸಾಕಾಯಿತು. ಸೋತವಳು ಎಂದು ಎಲ್ಲರೂ ಅಂದುಕೊಂಡಾಗ ಹೌದೆಂದುಬಿಟ್ಟೆ. ಹದಿನೈದರ ಹುಡುಗಿ, ಗೆಳತಿ ಹೋದಳೆಂದು ಅಳುತ್ತೇನೆ ಎನ್ನುವುದಕ್ಕಿಂತ ಅದು ಹೇಳಲು ಸುಲಭವಾಗಿತ್ತು. ಪದಕ ನೀನು ಒಯ್ದದ್ದಕ್ಕೆ ನನಗೆ ಯಾವತ್ತೂ ನೋವಾಗಿರಲಿಲ್ಲ, ಬುಗುರಿ. ಹೋಗುವಾಗ ನೀನು ತಿರುಗಿ ನೋಡಲಿಲ್ಲ.